ಮೊಬೈಲಿಗೆ ಕಾಣದ ಅಡಿಕೆ ಮರ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಒಂದು ಅಡಿಕೆ ತೋಟಕ್ಕೆ ಕೊನೆಕೊಯ್ಲಿನ ಚಿತ್ರೀಕರಣಕ್ಕೆಂದು ಹೋಗಿದ್ದೆ. ಸಾಲುಗಳ ನಡುವಿನ ತೆರಪಿನಲ್ಲಿ ಪುಟ್ಟ ಡ್ರೋನನ್ನು 12 ಮೀಟರ್ ಎತ್ತರಕ್ಕೆ ಏರಿಸಿ ನಿಲ್ಲಿಸಿದ್ದೆ. ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಮರದ ನೆತ್ತಿಯಲ್ಲಿದ್ದ. ಸೋಗೆಗಳ ಮರೆಯಲ್ಲಿ ರಿಮೋಟಿನ ಸಂಪರ್ಕ ಕಡಿಯಿತು. ನನಗೆ ಗಾಬರಿಯೇನೂ ಆಗಲಿಲ್ಲ. ಸಂಪರ್ಕ ತಪ್ಪಿದರೆ ಡ್ರೋನ್ ಮೊದಲೇ ಗೊತ್ತುಮಾಡಿದ ಎತ್ತರಕ್ಕೆ ಏರಿ, ಹೊರಟ ಜಾಗಕ್ಕೆ ತಾನೇ ಮರಳುತ್ತದೆ. ಅದು ಹಾಗೆಯೇ ಮಾಡಿತು. 20 ಮೀಟರಿಗೆ ಏರಿತು, ಮನೆಯಂಗಳದತ್ತ ಮುಖ ತಿರುಗಿಸಿತು, ನೆಟ್ಟಗೆ ಹೋಗಿ ಒಂದು ಹಳೆಯ ಅಡಿಕೆ ಮರದ ಚಂಡೆಗೆ, ಅಂದರೆ ಸೋಗೆಗಳ ತುದಿಗೊಂಚಲಿಗೆ, ಸಿಕ್ಕಿಕೊಂಡಿತು.

ತಪ್ಪು ನನ್ನದೇ. ಹಿಂದಿನ ವಾರ ಮರವಂತೆಯ ಕಡಲತೀರದಲ್ಲಿ ಗಾಳಿ ಜೋರಾಗಿತ್ತು. ಮೇಲೆ ಹೋದಷ್ಟೂ ಗಾಳಿ ಹೆಚ್ಚು, ಅಡ್ಡ ಬರಲು ಅಲ್ಲಿ ಒಂದು ಗಿಡವೂ ಇಲ್ಲ. ಆದ್ದರಿಂದ ಮರಳುವ ಎತ್ತರವನ್ನು 20 ಮೀಟರಿಗೆ ಇಳಿಸಿದ್ದೆ. ಡ್ರೋನ್ ಹಾರಿಸುವ ಮೊಬೈಲ್ ಆ್ಯಪ್ ಅದನ್ನು ಜತನದಿಂದ ನೆನಪಿಟ್ಟುಕೊಂಡಿತ್ತು, ನಾನು ಮರೆತಿದ್ದೆ. ಕೊನೆಗೌಡ ದೋಟಿಯಿಂದ ಡ್ರೋನನ್ನು ಕೆಳಗಿಳಿಸಿ ಕೈಗೆ ಕೊಟ್ಟು, ‘ಇಷ್ಟು ದೊಡ್ಡ ಮರ ಇದಕ್ಕೆ ಕಾಣಲಿಲ್ಲವೇ ಸ್ವಾಮಿ?’ ಎಂದು ಕೇಳಿದ.

ಡ್ರೋನಿಗೆಂದು ಮೊಬೈಲಿನಲ್ಲಿ ಯಾವ ಆ್ಯಪ್ ಹಾಕಿಕೊಳ್ಳಲಿ ಎಂದು ಯಾರಾದರೂ ಕೇಳಿದಾಗ ನಾನು ಈ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಪ್ರತಿ ಆ್ಯಪ್‌ಗೂ ಏನೋ ಒಂದು ಚೆನ್ನಾಗಿ ಕಾಣುತ್ತದೆ, ಇನ್ನೊಂದು ಏನೇನೂ ಕಾಣುವುದಿಲ್ಲ. ಡ್ರೋನ್ ಹಾರಿಸುವ ಆ್ಯಪ್‌ಗೆ ಬ್ಯಾಟರಿ ಗೊತ್ತು, ಸರ್ಕಾರದ ಕಾನೂನು ಗೊತ್ತಿಲ್ಲ. ಸರ್ಕಾರದ ನಕ್ಷೆಗೆ ವಿಮಾನ ನಿಲ್ದಾಣ ಗೊತ್ತು, ಗಾಳಿ ಗೊತ್ತಿಲ್ಲ. ಗಾಳಿಯ ಆ್ಯಪ್‌ಗೆ ಮೋಡ ಗೊತ್ತು, ನೆರೆಮನೆಯವರ ಕೋಪ ಗೊತ್ತಿಲ್ಲ. ಹೀಗಾಗಿ ‘ಅತ್ಯುತ್ತಮ ಹತ್ತು ಆ್ಯಪ್‌ಗಳು’ ಎಂಬ ಪಟ್ಟಿಗಳು ನನಗೆ ಎಂದೂ ಉಪಯೋಗಕ್ಕೆ ಬಂದಿಲ್ಲ. ಒಂದರ ಕುರುಡನ್ನು ಇನ್ನೊಂದು ತುಂಬುವಂತೆ ನಾಲ್ಕೈದು ಇದ್ದರೆ ಸಾಕು.

ಹಾರಿಸುವ ಆ್ಯಪ್‌ನ ವಿಷಯದಲ್ಲಿ ಆಯ್ಕೆಯೇ ಕಡಿಮೆ. ಡ್ರೋನ್ ಮಾಡಿದ ಕಂಪನಿ ಕೊಟ್ಟದ್ದನ್ನೇ ಬಳಸಬೇಕು. ಡಿಜೆಐ ಕಂಪನಿಯ ಮಿನಿ, ಈಚಿನ ಏರ್ ಮತ್ತು ಮ್ಯಾವಿಕ್ 3 ಸರಣಿಯ ಡ್ರೋನ್‌ಗಳಿಗೆ ‘ಡಿಜೆಐ ಫ್ಲೈ’. ಫ್ಯಾಂಟಮ್ 4, ಮ್ಯಾವಿಕ್ 2, ಸ್ಪಾರ್ಕ್‌ನಂಥ ಹಳಬರಿಗೆ ‘ಡಿಜೆಐ ಗೋ 4’. ನಮ್ಮಲ್ಲಿ ಈ ಹಳಬರ ಮಾತು ಮುಖ್ಯವಾಗಲು ಕಾರಣವಿದೆ. 2022ರ ಫೆಬ್ರುವರಿ 9ರಂದು ಭಾರತ ಸರ್ಕಾರ ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಿತು. ಸಂಶೋಧನೆ, ರಕ್ಷಣೆ ಮತ್ತು ಭದ್ರತೆಗೆ ಮಾತ್ರ ವಿನಾಯಿತಿ, ಬಿಡಿಭಾಗಗಳಿಗೆ ತಡೆಯಿಲ್ಲ. ಹೀಗಾಗಿ ಮದುವೆ ಚಿತ್ರೀಕರಿಸುವವರ ನಡುವೆ ಕೈಯಿಂದ ಕೈಗೆ ದಾಟಿಬಂದ ಡ್ರೋನ್‌ಗಳು ಬಹಳ. ಇವನ್ನು ಕೊಳ್ಳುವಾಗ ರೆಕ್ಕೆ, ಬ್ಯಾಟರಿ ನೋಡುವವರು ಆ್ಯಪ್ ನೋಡುವುದನ್ನು ಮರೆಯುತ್ತಾರೆ. ನಿಮ್ಮ ಮೊಬೈಲಿನಲ್ಲಿ ಆ ಡ್ರೋನಿನ ಆ್ಯಪ್ ಓಡುತ್ತದೆಯೇ ಎಂದು ಮಾರುವವರ ಎದುರೇ ಹಾರಿಸಿ ನೋಡಿ, ಆಮೇಲೆ ಹಣ ಕೊಡಿ. ಆಂಡ್ರಾಯ್ಡ್ ಬಳಸುವವರು ಇನ್ನೊಂದು ಸಂಗತಿ ತಿಳಿದಿರಬೇಕು: ಡಿಜೆಐ ಫ್ಲೈ ಗೂಗಲ್ ಪ್ಲೇ ಸ್ಟೋರಿನಲ್ಲಿ ಇಲ್ಲ, ಕಂಪನಿಯ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಪ್ಲೇ ಸ್ಟೋರಿನಲ್ಲಿ ಅದೇ ಬಣ್ಣ, ಅದನ್ನೇ ಹೋಲುವ ಹೆಸರು ಹೊತ್ತು ಬರುವ ಬೇರೆಯವರ ಆ್ಯಪ್‌ಗಳಿಗೆ ಮರುಳಾಗಬೇಡಿ.

ಆ್ಯಪ್ ತೆರೆದೊಡನೆ ಚಿತ್ರದ ಗುಣಮಟ್ಟದ ಸೆಟ್ಟಿಂಗ್ಸ್‌ಗೆ ಕೈಹಾಕುವುದು ಎಲ್ಲರ ಅಭ್ಯಾಸ. ಅದಕ್ಕೂ ಮೊದಲು ಸುರಕ್ಷತೆಯ ಪುಟ. ಅಲ್ಲಿ ಮರಳುವ ಎತ್ತರ ಎಷ್ಟಿದೆ? ಸಂಪರ್ಕ ತಪ್ಪಿದರೆ ಮರಳಬೇಕೋ, ಇದ್ದಲ್ಲೇ ನಿಲ್ಲಬೇಕೋ, ಇಳಿಯಬೇಕೋ? ‘ಹೋಮ್ ಪಾಯಿಂಟ್’, ಅಂದರೆ ಡ್ರೋನ್ ಮನೆಯೆಂದು ತಿಳಿದ ಬಿಂದು, ನಕ್ಷೆಯಲ್ಲಿ ನಿಮ್ಮ ಕಾಲಬುಡದಲ್ಲೇ ಇದೆಯೇ? ಸಾಕಷ್ಟು ಉಪಗ್ರಹಗಳು ಸಿಗುವ ಮೊದಲೇ ಅವಸರದಲ್ಲಿ ಹಾರಿಸಿದರೆ, ಡ್ರೋನ್ ಮೇಲೇರಿದ ಮೇಲೆ ಎಲ್ಲೋ ಒಂದು ಕಡೆ ಮನೆಯನ್ನು ಗುರುತು ಹಾಕಿಕೊಳ್ಳುತ್ತದೆ. ಆ ‘ಎಲ್ಲೋ’ ಕೆರೆಯ ನಡುವೆಯೂ ಇರಬಹುದು. ಅದೇ ಆ್ಯಪ್‌ನಲ್ಲಿ ‘ಫೈಂಡ್ ಮೈ ಡ್ರೋನ್’ ಎಂಬ ಗುಂಡಿ ಇರುತ್ತದೆ. ಕಳೆದುಹೋದ ಡ್ರೋನಿನ ಕೊನೆಯ ನೆಲೆ ತೋರಿಸುತ್ತದೆ, ಸಂಪರ್ಕ ಸಿಕ್ಕರೆ ಕೀಚ್ ಎಂದು ಕೂಗಿಸುತ್ತದೆ. ಅದು ಎಲ್ಲಿದೆಯೆಂದು ಕಳೆದುಕೊಳ್ಳುವ ಮೊದಲೇ ಹುಡುಕಿಟ್ಟುಕೊಳ್ಳಿ.

ಎತ್ತರದ ಅಂಕಿಯ ಬಗ್ಗೆ ಇನ್ನೊಂದಿಷ್ಟು ಹೇಳಬೇಕು, ಏಕೆಂದರೆ ಮಲೆನಾಡಿನಲ್ಲಿ ಅದರಷ್ಟು ಮೋಸಮಾಡುವ ಅಂಕಿ ಬೇರೆಯಿಲ್ಲ. ಪರದೆಯ ಮೇಲೆ 50 ಮೀಟರ್ ಎಂದು ಕಂಡರೆ ಅದು ನೀವು ಹಾರಿಸಿದ ಜಾಗಕ್ಕಿಂತ 50 ಮೀಟರ್ ಮೇಲೆ ಎಂದಷ್ಟೇ ಅರ್ಥ. ಕಣಿವೆಯ ಗದ್ದೆಯಿಂದ ಹಾರಿಸಿ ಎದುರಿನ ಗುಡ್ಡದತ್ತ ಹೋದರೆ ನೆಲ ಮೇಲೇರುತ್ತ ಬರುತ್ತದೆ, ಅಂಕಿ ಮಾತ್ರ 50ರಲ್ಲೇ ನಿಂತಿರುತ್ತದೆ. ಗುಡ್ಡ 30 ಮೀಟರ್, ಅದರ ಮೇಲೊಂದು ನಂದಿಮರ 25 ಮೀಟರ್ ಎಂದಿಟ್ಟುಕೊಂಡರೆ ಮುಂದಿನದು ಹೇಳಬೇಕಿಲ್ಲ. ಗುಡ್ಡದ ತುದಿಯಿಂದ ಕಣಿವೆಯತ್ತ ಹಾರಿಸಿದರೆ ಇದು ತಿರುಗಾಮುರುಗ. ಅಂಕಿ 100 ಎಂದು ತೋರಿಸುತ್ತಿರುವಾಗ ಡ್ರೋನ್ ಕೆಳಗಿನ ನೆಲದಿಂದ 300 ಮೀಟರ್ ಮೇಲಿರಬಹುದು, ಕಾನೂನಿನ ಮಿತಿ ಎಂದೋ ದಾಟಿರುತ್ತದೆ. ಇದಕ್ಕೆ ನಾನು ಬಳಸುವುದು ಡ್ರೋನಿಗೆ ಸಂಬಂಧವೇ ಇಲ್ಲದ ಆ್ಯಪ್: ಗೂಗಲ್ ಅರ್ಥ್. ಹಾರಿಸುವ ಜಾಗ ಮತ್ತು ತಲುಪುವ ಜಾಗ, ಎರಡರ ಸಮುದ್ರಮಟ್ಟದ ಎತ್ತರವನ್ನೂ ಹಿಂದಿನ ರಾತ್ರಿಯೇ ಬರೆದುಕೊಂಡು ಕಳೆಯುತ್ತೇನೆ. ಉಳಿದದ್ದಕ್ಕೆ ಮರದ ಎತ್ತರ ಕೂಡಿಸಿ, ಅದರ ಮೇಲೆ ಇನ್ನೂ 15 ಮೀಟರ್ ಸೇರಿಸಿ ಮರಳುವ ಎತ್ತರ ಇಡುತ್ತೇನೆ.

ಇನ್ನು ಕಾನೂನು. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಹಂಚಿದವು. ಅದೇ ಸೆಪ್ಟೆಂಬರಿನಲ್ಲಿ ಸರ್ಕಾರದ ಡಿಜಿಟಲ್ ಸ್ಕೈ ಎಂಬ ಜಾಲವೇದಿಕೆಯಲ್ಲಿ ಇಡೀ ದೇಶದ ನಕ್ಷೆ ಪ್ರಕಟವಾಯಿತು. ಹಸಿರು ವಲಯದಲ್ಲಿ ನೆಲದಿಂದ 400 ಅಡಿ, ಅಂದರೆ 120 ಮೀಟರ್‌ವರೆಗೆ ಹಾರಲು ಮುಂಗಡ ಅನುಮತಿ ಬೇಡ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ನಡುವಿನ ಪಟ್ಟಿಯಲ್ಲಿ ಈ ಸಲಿಗೆ 200 ಅಡಿಗೆ ಇಳಿಯುತ್ತದೆ. 5ರಿಂದ 8 ಕಿಲೋಮೀಟರ್ ನಡುವೆ ನೆಲದಿಂದಲೇ ಹಳದಿ. ಅಲ್ಲಿ ಆ ಆಕಾಶವನ್ನು ನೋಡಿಕೊಳ್ಳುವ ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರದ್ದು. ಬೆಂಗಳೂರಿನ ಮೇಲೆ ಈ ನಕ್ಷೆ ತೆರೆದು ನೋಡಿದರೆ ಹಸಿರು ಹುಡುಕುವುದೇ ಕೆಲಸವಾಗುತ್ತದೆ: ದೇವನಹಳ್ಳಿಯ ವಿಮಾನ ನಿಲ್ದಾಣ, ಎಚ್‌ಎಎಲ್, ಯಲಹಂಕದ ವಾಯುನೆಲೆ, ಜಕ್ಕೂರಿನ ಏರೋಡ್ರೋಮ್. ಒಂದರ ಉಂಗುರ ಇನ್ನೊಂದರ ಮೇಲೆ ಬಿದ್ದಿದೆ. ಕಾರವಾರಕ್ಕೆ ಹೋಗುವವರು ಅಲ್ಲಿನ ನೌಕಾನೆಲೆಯನ್ನು, ಕೈಗಾದ ಅಣು ವಿದ್ಯುತ್ ಸ್ಥಾವರವನ್ನು ಮರೆಯಬಾರದು.

ಇಲ್ಲೊಂದು ಗೊಂದಲವಿದೆ. ಹಾರಿಸುವ ಆ್ಯಪ್‌ನ ಒಳಗೂ ಕೆಂಪು-ಹಳದಿ ವಲಯಗಳ ನಕ್ಷೆ ಇರುತ್ತದೆ. ಅದು ಕಂಪನಿಯ ನಕ್ಷೆ. ಅದು ಸುಮ್ಮನಿದೆ ಎಂದ ಮಾತ್ರಕ್ಕೆ ಸರ್ಕಾರ ಒಪ್ಪಿದೆ ಎಂದಲ್ಲ. 2025ರ ಜನವರಿಯಲ್ಲಿ ಡಿಜೆಐ ಅಮೆರಿಕದಲ್ಲಿ ನಿಷೇಧಿತ ಜಾಗಗಳಲ್ಲಿ ಡ್ರೋನನ್ನು ತಾನೇ ತಡೆಯುವ ವ್ಯವಸ್ಥೆಯನ್ನು ಕೈಬಿಟ್ಟು, ಬರೀ ಎಚ್ಚರಿಕೆ ತೋರಿಸುವ ಪದ್ಧತಿಗೆ ಬಂತು. ತಡೆಯುವುದು, ಬಿಡುವುದು ಕಂಪನಿಯ ಮರ್ಜಿ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಸರ್ಕಾರದ ನಕ್ಷೆಯನ್ನೂ ಒಮ್ಮೆ ನೋಡಿ ವರ್ಷವಿಡೀ ನಂಬುವಂತಿಲ್ಲ. ಗಣ್ಯರ ಭೇಟಿ, ಗಲಭೆಯಂಥ ಸಂದರ್ಭಗಳಲ್ಲಿ ರಾಜ್ಯ ಸರ್ಕಾರ ಅಥವಾ ಪೊಲೀಸರು ಒಂದು ಸಲಕ್ಕೆ 96 ಗಂಟೆಯವರೆಗೆ ತಾತ್ಕಾಲಿಕ ಕೆಂಪು ವಲಯ ಘೋಷಿಸಬಹುದು. ಹಾರಿಸುವ ದಿನ ಬೆಳಿಗ್ಗೆ ಮತ್ತೊಮ್ಮೆ ನೋಡಬೇಕು.

ನಕ್ಷೆಯ ಹಸಿರು ಎಲ್ಲದಕ್ಕೂ ಹಸಿರಲ್ಲ. ಹಂಪಿಯ ಸ್ಮಾರಕಗಳ ಮೇಲೆ ಹಾರಿಸಲು ಪುರಾತತ್ವ ಸರ್ವೇಕ್ಷಣ ಇಲಾಖೆಯ ಒಪ್ಪಿಗೆ ಬೇಕು, ಬಂಡೀಪುರ ನಾಗರಹೊಳೆಗಳಲ್ಲಿ ಅರಣ್ಯ ಇಲಾಖೆಯದು. ಜಾತ್ರೆಯ ಜನಸಂದಣಿಯ ನೆತ್ತಿಯ ಮೇಲೆ ಹಾರಿಸುವುದಕ್ಕೆ ಯಾವ ಆ್ಯಪ್ ಹಸಿರು ತೋರಿಸಿದರೂ ನಾನು ಒಪ್ಪುವುದಿಲ್ಲ. ತೇರಿನ ಕಳಶದ ಚಿತ್ರ ಸಿಗದಿದ್ದರೆ ಯಾರಿಗೂ ನಷ್ಟವಿಲ್ಲ. ಪೈಲಟ್ ಪ್ರಮಾಣಪತ್ರದ ಮಾತೂ ಇಲ್ಲೇ ಬರಲಿ: 250 ಗ್ರಾಂ ಒಳಗಿನ ನ್ಯಾನೋ ಡ್ರೋನಿಗೆ ಅದು ಬೇಡ. ಅಲ್ಲಿಂದ 2 ಕಿಲೋವರೆಗಿನ ಮೈಕ್ರೋ ಡ್ರೋನನ್ನು ಹವ್ಯಾಸಕ್ಕೆ ಹಾರಿಸಿದರೆ ಬೇಡ, ಹಣ ಪಡೆದು ಮದುವೆಯಲ್ಲಿ ಹಾರಿಸಿದರೆ ಬೇಕು.

ಗಾಳಿಯ ವಿಷಯಕ್ಕೆ ಬರೋಣ. ಮೊಬೈಲಿನಲ್ಲಿ ಮೊದಲೇ ಇರುವ ಹವಾಮಾನದ ಆ್ಯಪ್ ಇದಕ್ಕೆ ಸಾಲದು. ಅದು ನೆಲದ ಹತ್ತಿರದ ಗಾಳಿಯ ವೇಗವನ್ನು ಹೇಳುತ್ತದೆ. ಡ್ರೋನ್ ಇರುವುದು ತೆಂಗಿನ ಮರಕ್ಕಿಂತ ಮೇಲೆ. ‘ವಿಂಡಿ’ ಎಂಬ ಆ್ಯಪ್‌ನಲ್ಲಿ 100 ಮೀಟರ್ ಎತ್ತರದ ಗಾಳಿ ನೋಡಬಹುದು. ಒಂದಕ್ಕಿಂತ ಹೆಚ್ಚು ಮುನ್ಸೂಚನೆಯ ಮಾದರಿಗಳನ್ನು ಹೋಲಿಸಬಹುದು. ಎರಡು ಮಾದರಿಗಳು ಒಂದೇ ಮಾತು ಹೇಳಿದರೆ ನಂಬಿಕೆ ಹೆಚ್ಚು, ಒಂದೊಂದು ಒಂದೊಂದು ಹೇಳಿದರೆ ಆ ದಿನ ಬೇರೆ ಕೆಲಸ ಇಟ್ಟುಕೊಳ್ಳುವುದು ಲೇಸು. ‘ಯುಎವಿ ಫೋರ್‌ಕಾಸ್ಟ್’ ಇನ್ನೂ ಸರಳ. ನಿಮ್ಮ ಡ್ರೋನಿನ ಮಿತಿಗಳನ್ನು ಒಮ್ಮೆ ತುಂಬಿದರೆ ಗಂಟೆಗೊಂದರಂತೆ ಹಾರಿಸಬಹುದು, ಬೇಡ ಎಂದು ಹೇಳುತ್ತದೆ. ಎರಡರಲ್ಲೂ ನೋಡಬೇಕಾದದ್ದು ಸರಾಸರಿ ವೇಗವನ್ನಷ್ಟೇ ಅಲ್ಲ, ನಡುನಡುವೆ ರಪ್ಪನೆ ಬಂದು ಹೊಡೆಯುವ ಬೀಸನ್ನೂ. ಮಿನಿ 3ರಂಥ ಪುಟ್ಟ ಡ್ರೋನ್ ತಾಳುವ ಗಾಳಿ ಸೆಕೆಂಡಿಗೆ 10.7 ಮೀಟರ್, ಗಂಟೆಗೆ ಸುಮಾರು 38 ಕಿಲೋಮೀಟರ್. ಒಂದು ಆ್ಯಪ್ ಸೆಕೆಂಡಿನ ಲೆಕ್ಕದಲ್ಲಿ, ಇನ್ನೊಂದು ಗಂಟೆಯ ಲೆಕ್ಕದಲ್ಲಿ ತೋರಿಸಿ ಗಲಿಬಿಲಿ ಮಾಡುತ್ತದೆ. ಎಲ್ಲದರಲ್ಲೂ ಒಂದೇ ಅಳತೆ ಇಟ್ಟುಕೊಳ್ಳಿ. ಸೆಕೆಂಡಿನ ಅಂಕಿಯನ್ನು 3.6ರಿಂದ ಗುಣಿಸಿದರೆ ಗಂಟೆಯದು ಬರುತ್ತದೆ.

ತಾಳುವುದೇ ಬೇರೆ, ಮರಳಿ ಬರುವುದೇ ಬೇರೆ. ಗಾಳಿಯಿಲ್ಲದಾಗ ಸೆಕೆಂಡಿಗೆ 10 ಮೀಟರ್ ಹೋಗುವ ಡ್ರೋನ್ ಎಂದುಕೊಳ್ಳಿ. ಗಾಳಿ ಸೆಕೆಂಡಿಗೆ 6 ಮೀಟರ್. ಗಾಳಿಯ ಜೊತೆ ಹೋದರೆ ವೇಗ 16. 1,200 ಮೀಟರ್ ದೂರ 75 ಸೆಕೆಂಡಿನಲ್ಲಿ ಮುಗಿಯುತ್ತದೆ. ‘ಎಷ್ಟು ಚೆನ್ನಾಗಿ ಹೋಗುತ್ತಿದೆ’ ಎಂದು ನೀವು ಹಿಗ್ಗುತ್ತೀರಿ. ಹಿಂದಿರುಗುವಾಗ ವೇಗ 4ಕ್ಕೆ ಇಳಿದು, ಅದೇ ದೂರಕ್ಕೆ 300 ಸೆಕೆಂಡು ಬೇಕಾಗುತ್ತದೆ. ಹೋಗಿದ್ದರ ನಾಲ್ಕು ಪಟ್ಟು. ಕರಾವಳಿಯಲ್ಲಿ ಮಧ್ಯಾಹ್ನ ಕಳೆದಂತೆ ಕಡಲಗಾಳಿ ನೆಲದತ್ತ ಬೀಸುತ್ತದೆ. ಆಗ ಮರವಂತೆಯಲ್ಲಿ ರಸ್ತೆಯ ಪೂರ್ವಕ್ಕೆ, ಸೌಪರ್ಣಿಕಾ ನದಿಯ ಕಡೆಗೆ ಹಾರಿಸಿದವರು ಈ ಗುಣಾಕಾರವನ್ನು ಮೊದಲು ಮಾಡಿರಬೇಕು. ಗಾಳಿಗೆದುರಾಗಿ ಮೊದಲು ಹೋಗಿ, ಅದರ ಜೊತೆಗೂಡಿ ಮರಳುವುದು ಹಳೆಯ ದೋಣಿಯವರಿಗೂ ಗೊತ್ತಿದ್ದ ಉಪಾಯ.

ಇಂಥ ಆ್ಯಪ್‌ಗಳಲ್ಲಿ ‘ಕೆಪಿ’ ಎಂಬ ಒಂದು ಅಂಕಿಯೂ ಇರುತ್ತದೆ, 0ಯಿಂದ 9ರವರೆಗೆ. ಭೂಮಿಯ ಕಾಂತಕ್ಷೇತ್ರ ಸೂರ್ಯನಿಂದ ಎಷ್ಟು ಕದಡಿದೆ ಎಂಬುದರ ಅಳತೆ ಅದು. ಉತ್ತರ ಯುರೋಪಿನವರು ಇದಕ್ಕೆ ಬೆಚ್ಚುವಷ್ಟು ನಾವು ಬೆಚ್ಚಬೇಕಿಲ್ಲ. ಕಾಂತೀಯ ಸಮಭಾಜಕ ನಮ್ಮ ದೇಶದ ದಕ್ಷಿಣದ ತುದಿಯ ಮೇಲೇ ಹಾಯುವುದರಿಂದ ನಮ್ಮ ತೊಂದರೆಯ ಬಗೆ ಬೇರೆ: ಕೆಲವು ಕಾಲಗಳಲ್ಲಿ, ಅದರಲ್ಲೂ ಹಗಲು ಇರುಳು ಸಮನಾಗುವ ತಿಂಗಳುಗಳ ಆಸುಪಾಸಿನಲ್ಲಿ, ಸೂರ್ಯಾಸ್ತದ ನಂತರ ಮೇಲಿನ ವಾತಾವರಣ ಕಲಕಿ ಜಿಪಿಎಸ್ ಸಂಕೇತ ಮಿನುಗತೊಡಗುತ್ತದೆ. ಕೆಪಿ ಅಂಕಿ ಕಡಿಮೆಯಿದ್ದಾಗಲೂ ಇದು ಆಗಬಹುದು. ಆದ್ದರಿಂದ ಪರದೆಯ ಮೂಲೆಯ ಉಪಗ್ರಹಗಳ ಸಂಖ್ಯೆಯ ಮೇಲೆ ಕಣ್ಣಿಡುವುದೇ ನಮಗೆ ಹೆಚ್ಚು ಉಪಯೋಗ.

ನಾನು ದುಡ್ಡು ಕೊಟ್ಟು ಕೊಂಡ ಒಂದೇ ಆ್ಯಪ್ ಬೆಳಕಿನದು. ಫೋಟೋಪಿಲ್ಸ್, ಸನ್ ಸರ್ವೇಯರ್ ಎರಡೂ ಚೆನ್ನಾಗಿವೆ. ಯಾವ ದಿನ, ಯಾವ ಹೊತ್ತಿಗೆ ಸೂರ್ಯ ಯಾವ ದಿಕ್ಕಿನಲ್ಲಿ ಎಷ್ಟು ಎತ್ತರದಲ್ಲಿರುತ್ತಾನೆ ಎಂದು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸುತ್ತವೆ. ಛಾಯಾಗ್ರಹಣದ ಪಾಠಗಳು ‘ಹೊನ್ನಿನ ಗಂಟೆ’ ಎಂದು ಹೇಳುತ್ತವಲ್ಲ, ನಮ್ಮ ಅಕ್ಷಾಂಶದಲ್ಲಿ ಅದು ಗಂಟೆಯಲ್ಲ. ಇಲ್ಲಿ ಸೂರ್ಯ ಓರೆಯಾಗಿ ಜಾರದೆ ಹೆಚ್ಚುಕಡಿಮೆ ನೆಟ್ಟಗೆ ಮುಳುಗುತ್ತಾನೆ. ದಿಗಂತದಿಂದ ಆರು ಡಿಗ್ರಿ ಮೇಲಿರುವಾಗಿನಿಂದ ಮರೆಯಾಗುವವರೆಗೆ ಸುಮಾರು 25 ನಿಮಿಷ, ಅಂದರೆ ಒಂದು ಬ್ಯಾಟರಿಯ ಆಯಸ್ಸು. ಮಲೆನಾಡಿನಲ್ಲಿ ಪಡುವಣ ಗುಡ್ಡ ಅಡ್ಡ ಬಂದರೆ ಅಷ್ಟೂ ಇಲ್ಲ. ಏಪ್ರಿಲ್ ಕೊನೆಯ ಹೊತ್ತಿಗೆ ಸಾಗರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ನೆರಳೆಲ್ಲ ವಸ್ತುಗಳ ಬುಡಕ್ಕೆ ಮುದುಡಿ, ಮೇಲಿಂದ ತೆಗೆದ ತೋಟ ಹಸಿರು ಚಾಪೆಯಂತೆ ಚಪ್ಪಟೆಯಾಗಿ ಕಾಣುತ್ತದೆ. ಆಗ ಊಟ ಮಾಡಿ ಮಲಗುವುದು ಉತ್ತಮ.

ಬಿಸಿಲಿನ ಲೆಕ್ಕ ಗೊತ್ತಾದರೆ ಎನ್‌ಡಿ ಫಿಲ್ಟರಿನ, ಅಂದರೆ ಕ್ಯಾಮೆರಾದೊಳಗೆ ಹೋಗುವ ಬೆಳಕನ್ನು ತಗ್ಗಿಸುವ ಮಬ್ಬು ಗಾಜಿನ, ಲೆಕ್ಕವೂ ಗೊತ್ತಾಗುತ್ತದೆ. ಚಲನೆ ಕಣ್ಣಿಗೆ ಸಹಜವಾಗಿ ಕಾಣಬೇಕಾದರೆ ಶಟರಿನ ವೇಗ ಒಂದು ಸೆಕೆಂಡಿಗೆ ತೆಗೆಯುವ ಚಿತ್ರಗಳ ಎರಡು ಪಟ್ಟು ಇರಬೇಕು ಎನ್ನುವುದು ರೂಢಿ. 25 ಚಿತ್ರಗಳಾದರೆ ಸೆಕೆಂಡಿನ 50ನೇ ಒಂದು ಭಾಗ. ನಮ್ಮ ವಿದ್ಯುತ್ತಿನ ಆವರ್ತನವೂ ಸೆಕೆಂಡಿಗೆ 50 ಆಗಿರುವುದರಿಂದ ದೀಪಗಳ ಮಿಣುಕಾಟವೂ ಹೀಗೆ ತಪ್ಪುತ್ತದೆ. ಆದರೆ ನಡುಹಗಲಿನಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆ, 100 ಇದ್ದಾಗ ಎಫ್ 2.8 ಅಳತೆಯ ಸ್ಥಿರ ರಂಧ್ರವಿರುವ ಕ್ಯಾಮೆರಾ ಕೇಳುವುದು ಸುಮಾರು ಸೆಕೆಂಡಿನ 3,200ನೇ ಒಂದು ಭಾಗ. 3,200ನ್ನು 50ರಿಂದ ಭಾಗಿಸಿದರೆ 64. ಬೇಕಾದದ್ದು ಎನ್‌ಡಿ 64. ಬೆಳಕು ಅರ್ಧವಾದಾಗಲೆಲ್ಲ ಈ ಅಂಕಿಯನ್ನೂ ಅರ್ಧ ಮಾಡುತ್ತ ಬನ್ನಿ: 32, 16, 8. ಇದಕ್ಕೂ ಆ್ಯಪ್‌ಗಳಿವೆ, ನನಗೆ ಬೇಕೆನಿಸಿಲ್ಲ.

ಕಂಪನಿಯ ಆ್ಯಪ್ ಬಿಟ್ಟು ಹೊರಗಿನವರ ಆ್ಯಪ್‌ನಿಂದ ಹಾರಿಸಬೇಕೇ? ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಹಾರಬೇಕಾದವರಿಗೆ ‘ಲಿಚಿ’ ಒಳ್ಳೆಯದು. ಮನೆಯಲ್ಲೇ ಕುಳಿತು ನಕ್ಷೆಯ ಮೇಲೆ ಬಿಂದುಗಳನ್ನು ಇಟ್ಟು ದಾರಿ ಹೆಣೆಯಬಹುದು. ನಾಟಿ, ಕಳೆ, ತೆನೆ, ಕೊಯ್ಲು ಎಂದು ಒಂದೇ ಗದ್ದೆಯನ್ನು ಒಂದೇ ಕೋನದಿಂದ ನಾಲ್ಕು ಸಲ ತೆಗೆಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಆದರೆ ಇಂಥ ಆ್ಯಪ್‌ಗಳು ಡ್ರೋನ್ ಕಂಪನಿ ಹೊರಗಿನವರಿಗೆ ಬಾಗಿಲು ತೆರೆದರಷ್ಟೇ ಕೆಲಸ ಮಾಡುತ್ತವೆ, ಹೊಸ ಮಾದರಿಗಳಿಗೆ ಆ ಬಾಗಿಲು ತಡವಾಗಿ ತೆರೆಯುತ್ತದೆ, ಕೆಲವಕ್ಕೆ ತೆರೆಯುವುದೇ ಇಲ್ಲ. ನಿಮ್ಮ ಮಾದರಿಯ ಹೆಸರು ಅವರ ಪಟ್ಟಿಯಲ್ಲಿ ಇದೆಯೇ ನೋಡದೆ ಹಣ ಕಟ್ಟಬೇಡಿ. ಜಮೀನಿನ ನಕ್ಷೆ ಮಾಡುವವರಿಗೆ ‘ಪಿಕ್ಸ್‌4ಡಿ’, ‘ಡ್ರೋನ್‌ಡಿಪ್ಲಾಯ್’ ಇವೆ. ಉಳುವ ಎತ್ತಿನಂತೆ ಸಾಲು ಹಿಡಿದು ಹೋಗಿ ಬಂದು, ಒಂದು ಚಿತ್ರದ ಮುಕ್ಕಾಲು ಭಾಗ ಮುಂದಿನ ಚಿತ್ರದಲ್ಲೂ ಬರುವಂತೆ ತೆಗೆಯುತ್ತವೆ. ಆಮೇಲೆ ಎಲ್ಲವನ್ನೂ ಹೊಲಿದು ಒಂದು ನಕ್ಷೆ ಮಾಡಬಹುದು. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಗಳ ಮೇಲೆ ಹಾರಿದ ಡ್ರೋನ್‌ಗಳ ಕೆಲಸವೂ ಇದೇ ಜಾತಿಯದು. ಬಿಡಿಭಾಗ ಜೋಡಿಸಿ ತಾವೇ ಡ್ರೋನ್ ಕಟ್ಟುವವರು ‘ಕ್ಯೂಗ್ರೌಂಡ್‌ಕಂಟ್ರೋಲ್’ ಬಿಟ್ಟು ಬೇರೆಡೆ ನೋಡಬೇಕಿಲ್ಲ. ಅದು ಉಚಿತ, ಆರ್ಡುಪೈಲಟ್ ಮತ್ತು ಪಿಎಕ್ಸ್4 ಎರಡೂ ಬಗೆಯ ಮಿದುಳಿನ, ಅಂದರೆ ಡ್ರೋನ್ ನಡೆಸುವ ತಂತ್ರಾಂಶದ, ಜೊತೆ ಮಾತಾಡುತ್ತದೆ.

ಚಿತ್ರ ಜೋಡಿಸುವ ಆ್ಯಪ್ ನಿಮಗೆ ಒಗ್ಗಿದ್ದು ಯಾವುದಾದರೂ ಆದೀತು. ಒಂದೇ ಎಚ್ಚರ: ಹಾರಿಸುವಾಗ ಮೊಬೈಲಿನಲ್ಲಿ ಉಳಿಯುವುದು ಪರದೆಗೆಂದು ಕುಗ್ಗಿಸಿದ ನಕಲು, ಅಸಲಿ ಚಿತ್ರ ಡ್ರೋನಿನೊಳಗಿನ ಮೆಮೊರಿ ಕಾರ್ಡಿನಲ್ಲಿರುತ್ತದೆ. ನಕಲನ್ನೇ ಜೋಡಿಸಿ, ‘4ಕೆ ಎಂದರು, ಮಸುಕಾಗಿದೆ’ ಎಂದು ಡ್ರೋನನ್ನು ಬೈದವರನ್ನು ನೋಡಿದ್ದೇನೆ.

ಇಷ್ಟೆಲ್ಲ ಆ್ಯಪ್‌ಗಳನ್ನು ಹೊರುವ ಮೊಬೈಲೂ ಒಂದಿದೆಯಲ್ಲ. ಮಾರ್ಚ್ ಬಿಸಿಲಿಗೆ ಅದು ಕಾದು, ಪರದೆಯ ಬೆಳಕು ತಾನಾಗಿಯೇ ಇಳಿದು, ಏನೂ ಕಾಣದಂತಾಗುತ್ತದೆ. ದಪ್ಪ ಕವಚ ತೆಗೆದಿಡಿ, ನೆರಳಿನಲ್ಲಿ ನಿಲ್ಲಿ. ಡ್ರೋನ್ ಮೇಲಿರುವಾಗ ನೆಂಟರ ಕರೆ ಬಂದು ಪರದೆ ಮುಚ್ಚದಂತೆ ಕರೆಗಳನ್ನು ತಡೆಹಿಡಿಯಿರಿ. ತೋಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವಾದ್ದರಿಂದ ಆ ಜಾಗದ ನಕ್ಷೆಯನ್ನು ಮನೆಯ ವೈಫೈಯಲ್ಲೇ ತೆರೆದು ಇಳಿಸಿಟ್ಟುಕೊಳ್ಳಿ. ಹಾರಿಸುವ ದಿನವೇ ಆ್ಯಪ್ ಅಪ್‌ಡೇಟ್ ಮಾಡಬೇಡಿ. ಮಾಡಿದರೆ ಅಂಗಳದಲ್ಲಿ ಒಮ್ಮೆ ಹಾರಿಸಿ ನೋಡಿದ ಮೇಲೆಯೇ ಹೊರಡಿ.

ಮರುವರ್ಷ ಅದೇ ತೋಟಕ್ಕೆ ಹೋದೆ. ಮರಳುವ ಎತ್ತರ 40 ಮೀಟರ್ ಇಟ್ಟು, ಸಂಪರ್ಕ ಕಡಿಯದಂತೆ ತೋಟದ ನಡುವಿನ ಕಾಲುದಾರಿಯಲ್ಲೇ ನಿಂತಿದ್ದೆ. ಕೊನೆಗೌಡ ಮರ ಹತ್ತುವ ಮೊದಲು ಡ್ರೋನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ನೋಡಿ, ದೋಟಿಯನ್ನು ಕೈಗೆಟುಕುವಂತೆ ನನ್ನ ಪಕ್ಕದ ಮರಕ್ಕೇ ಒರಗಿಸಿ ಹತ್ತಿದ.